ನಾದಿನಿಯ ಕಥೆಗೆ ಬಹುಮಾನ ಬರಲಿಲ್ಲ, ಬರೆಯುವುದನ್ನು ಬಿಡಲೇ?

ಪ್ರಶ್ನೆ: ನನಗೆ 26 ವರ್ಷ. ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಟಿವಿ ಧಾರಾವಾಹಿಯೊಂದರ ನಾದಿನಿ ಪಾತ್ರ ಇಟ್ಟುಕೊಂಡು ಆನ್‌ಲೈನಿನಲ್ಲಿ ಫ್ಯಾನ್ ಫಿಕ್ಷನ್ (ಇಷ್ಟದ ಪಾತ್ರಗಳ ಮೇಲೆ ಅಭಿಮಾನಿಗಳು ಬರೆಯುವ ಕಥೆ) ಬರೆಯುತ್ತಿದ್ದೇನೆ, 34 ಅಧ್ಯಾಯ ಆಗಿದೆ. ಅಭಿಮಾನಿಗಳೇ ನಡೆಸುವ ಮತದಾನದಲ್ಲಿ ಈ ಸಲವೂ ಬಹುಮಾನ ಬರಲಿಲ್ಲ. ಅಂದಿನಿಂದ ಒಂದು ಸಾಲೂ ಬರೆಯಲಾಗುತ್ತಿಲ್ಲ. ಅಣ್ಣ, ‘ಕಂಡವರ ಪಾತ್ರ ಇಟ್ಕೊಂಡು ಬರೆಯೋದೂ ಒಂದು ಬರವಣಿಗೆನಾ? ಹೆಸರು ಬದಲಾಯಿಸಿ ಕಥಾಸ್ಪರ್ಧೆಗೆ ಕಳಿಸು’ ಅಂತಾನೆ. ಏನು ಮಾಡಲಿ?

ಉತ್ತರ: ಮೊದಲು ಆ ಮತದಾನವನ್ನೇ ನೋಡೋಣ. ಅಲ್ಲಿ ಗೆಲ್ಲುವುದು ಹೆಚ್ಚು ಜನ ಓದಿದ ಕಥೆ. ಹೆಚ್ಚು ಜನ ಓದುವುದು ನಾಯಕ–ನಾಯಕಿ ಜೋಡಿಯ ಕಥೆ. ನಾದಿನಿಯನ್ನು ಹುಡುಕಿಕೊಂಡು ಬರುವವರೇ ಕಡಿಮೆ, ಅವರೆಲ್ಲರೂ ನಿಮಗೇ ಓಟು ಹಾಕಿದ್ದರೂ ಗೆಲುವು ಕಷ್ಟವಿತ್ತು. ಯಾವ ಪಾತ್ರಕ್ಕೆ ಎಷ್ಟು ಅಭಿಮಾನಿಗಳಿದ್ದಾರೆ ಎಂಬುದು ಅಲ್ಲಿ ಗೊತ್ತಾಯಿತು, ನಿಮ್ಮ ಬರವಣಿಗೆ ಹೇಗಿದೆ ಎಂಬುದಲ್ಲ. ಓಟಿಗಾಗಿ ಮುಂದಿನ ಅಧ್ಯಾಯಕ್ಕೆ ನಾಯಕ–ನಾಯಕಿಯನ್ನು ಎಳೆದು ತಂದರೆ, ನಾದಿನಿಗಾಗಿಯೇ ಬಂದವರೂ ಎದ್ದು ಹೋಗುತ್ತಾರೆ.

ಬರವಣಿಗೆಯನ್ನು ಅಳೆಯಲು ಬೇರೆ ದಾರಿ ಇದೆ. ಅಧ್ಯಾಯವಾರು ಓದಿದವರ ಸಂಖ್ಯೆಯನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಒಂದನೆಯ ಅಧ್ಯಾಯ ಬಿಡಿ, ಅಲ್ಲಿ ಇಣುಕಿ ನೋಡಿ ಹೋಗುವವರೇ ಹೆಚ್ಚು. ಕೊನೆಯ ಮೂರನ್ನೂ ಬಿಡಿ, ಅಲ್ಲಿಗೆ ಇನ್ನೂ ತಲುಪದವರಿರುತ್ತಾರೆ. ಉಳಿದದ್ದರಲ್ಲಿ ಸಂಖ್ಯೆ ನಿಧಾನವಾಗಿ ಇಳಿಯುವುದು ಸಹಜ. ಒಂದೇ ಕಡೆ ದಿಢೀರನೆ ಕುಸಿದಿದ್ದರೆ ಅದರ ಹಿಂದಿನ ಅಧ್ಯಾಯ ತೆರೆದು ನೋಡಿ. ಸಾಮಾನ್ಯವಾಗಿ ಕುತೂಹಲದ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿಬಿಟ್ಟಿರುತ್ತದೆ, ಇಲ್ಲವೇ ಮುಂದಿನ ಕಂತು ತೀರಾ ತಡವಾಗಿರುತ್ತದೆ. ಕಾಮೆಂಟುಗಳಲ್ಲಿ ‘ಸೂಪರ್, ನೆಕ್ಸ್ಟ್ ಯಾವಾಗ’ ಎನ್ನುವುದಕ್ಕಿಂತ, ಇಂಥ ಮಾತು ಮನಸ್ಸಿಗೆ ನಾಟಿತು ಎಂದು ಒಂದು ದೃಶ್ಯವನ್ನು ಹಿಡಿದು ಬರೆದವನ್ನು ತೆಗೆದಿಡಿ. ನಿಮ್ಮ ಬಲ ಎಲ್ಲಿದೆ ಎಂದು ಅವೇ ಹೇಳುತ್ತವೆ.

ಪ್ರಶಸ್ತಿ ಲೆಕ್ಕಕ್ಕೇ ಇಲ್ಲ ಎಂದು ನಾನು ಹೇಳುವುದಿಲ್ಲ. 2019ರಲ್ಲಿ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಫ್ಯಾನ್ ಫಿಕ್ಷನ್ ಸಂಗ್ರಹಕ್ಕೆ, ವೈಜ್ಞಾನಿಕ ಕಥಾಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿ ಬಂತು. ಸ್ವಯಂಸೇವಕರೇ ಕಟ್ಟಿ ನಡೆಸುವ, ಕಥೆ ಮಾರಲು ಅವಕಾಶವಿಲ್ಲದ ಜಾಗ ಅದು. ಅಲ್ಲಿ ಬರೆಯುವ ಅನೇಕರು ‘ನಾವೂ ಹ್ಯೂಗೋ ವಿಜೇತರು’ ಎಂದು ಹಿಗ್ಗಿದಾಗ, ಪ್ರಶಸ್ತಿ ಸಂಗ್ರಹಕ್ಕೆ ಸಂದದ್ದು, ಬಿಡಿ ಲೇಖಕರಿಗಲ್ಲ ಎಂಬ ಆಕ್ಷೇಪ ಬಂತು. ಆ ಹಿಗ್ಗು ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ಅವರು ಅದಕ್ಕೆ ಮೊದಲೂ ವರ್ಷಗಟ್ಟಲೆ ಬರೆಯುತ್ತಲೇ ಇದ್ದರು. ಧಾರಾವಾಹಿ ಕೈಬಿಟ್ಟ ಪಾತ್ರಕ್ಕೆ ನ್ಯಾಯ ಕೊಡಬೇಕು, ಆ ಪಾತ್ರವನ್ನು ಪ್ರೀತಿಸುವ ಇನ್ನೊಬ್ಬರ ಜೊತೆ ಮಾತಾಡಬೇಕು ಎಂಬ ಆಸೆಯೇ ಈ ಬರವಣಿಗೆಯ ಬೇರು. ನಿಮ್ಮ ಸುತ್ತಲ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವವರನ್ನು ನೋಡಿ. ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ಪಾತ್ರಕ್ಕೆ ಕೈಯಿಂದ ದುಡ್ಡು ಹಾಕಿ, ಒಂದು ರಾತ್ರಿ ದುರ್ಯೋಧನನಾಗುತ್ತಾರೆ. ಕಥೆ ಎಲ್ಲರಿಗೂ ಗೊತ್ತಿದ್ದರೂ ಜನ ಬೆಳಗಿನವರೆಗೆ ಕೂರುತ್ತಾರೆ.

ಅಣ್ಣನಿಗೆ ಇನ್ನೊಂದು ಮಾತು ಹೇಳಿ. ರನ್ನನ ಗದಾಯುದ್ಧಕ್ಕೆ ಆಧಾರ ಪಂಪಭಾರತದ 13ನೆಯ ಆಶ್ವಾಸ, ಅಂದರೆ ಅಧ್ಯಾಯ. ಪಂಪ ಅರ್ಜುನನನ್ನು ನಾಯಕನನ್ನಾಗಿಸಿದರೆ, ರನ್ನ ಭೀಮನನ್ನು ಎತ್ತಿ ನಿಲ್ಲಿಸಿದ. ಇದ್ದ ಪಾತ್ರವನ್ನು ಹೊಸ ಕಡೆಯಿಂದ ನೋಡುವುದು ಕನ್ನಡಕ್ಕೆ ಹೊಸದೇನಲ್ಲ. ಆದರೆ ಈಗಿನ ಧಾರಾವಾಹಿಯ ಚಿತ್ರಕಥೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಇದೆ, ರೂಪಾಂತರದ ಹಕ್ಕು ಅದರ ಒಡೆಯರದು. ಹಾಗಾಗಿ ನಿಮ್ಮ ಕಥೆಯಿಂದ ಹಣ ಮಾಡಲು ಹೋಗಬೇಡಿ.

ಹೆಸರು ಬದಲಾಯಿಸಿ ಕಳಿಸುವ ಉಪಾಯವನ್ನು ಕೈಬಿಡಿ. ಕಥಾಸ್ಪರ್ಧೆಗಳು ಸಾಮಾನ್ಯವಾಗಿ ‘ಸ್ವತಂತ್ರ, ಅಪ್ರಕಟಿತ’ ಎಂಬ ದೃಢೀಕರಣ ಕೇಳುತ್ತವೆ. ನಿಮ್ಮ ಅಧ್ಯಾಯಗಳು ಆಗಲೇ ಆನ್‌ಲೈನಿನಲ್ಲಿವೆ, ಅದನ್ನೂ ಪ್ರಕಟಣೆ ಎಂದೇ ಹಿಡಿಯುವವರಿದ್ದಾರೆ. ಅದಕ್ಕಿಂತ ದೊಡ್ಡ ತೊಡಕು ಕಥೆಯ ಒಳಗಿದೆ. ನಾದಿನಿ ಬಾಗಿಲಲ್ಲಿ ನಿಂತಳು ಎಂದು ನೀವು ಬರೆದರೆ ಸಾಕು, ನಿಮ್ಮ ಓದುಗರಿಗೆ ಅವಳ ಮುಖ, ದನಿ, ಹಿಂದಿನ ಜಗಳ ಎಲ್ಲ ನೆನಪಾಗುತ್ತದೆ. ತೀರ್ಪುಗಾರರಿಗೆ ಅವಳು ಅಪರಿಚಿತಳು, ಬಾಗಿಲಲ್ಲಿ ಯಾರೋ ನಿಂತಿದ್ದಾರೆ, ಅಷ್ಟೇ. ಪಾತ್ರವನ್ನು ಮೊದಲ ಸಲ ಪರಿಚಯಿಸುವ ಕೆಲಸ ಫ್ಯಾನ್ ಫಿಕ್ಷನ್‌ನಲ್ಲಿ ಬೀಳುವುದೇ ಇಲ್ಲ, ಆದ್ದರಿಂದ ಅದರ ಅಭ್ಯಾಸ ಆಗಿರುವುದಿಲ್ಲ.

ಸ್ಪರ್ಧೆಗೆ ಹೋಗುವ ಆಸೆ ನಿಮ್ಮದೇ ಆಗಿದ್ದರೆ, ಅಣ್ಣನದಲ್ಲ, ಹೊಸ ಕಥೆ ಬರೆಯಿರಿ. ದಿನವೂ ನೋಡುವ ರೇಷ್ಮೆಗೂಡಿನ ಮಾರುಕಟ್ಟೆಯ ಹರಾಜಿನಿಂದಲೇ ಒಬ್ಬ ಹೆಂಗಸು ಹುಟ್ಟಲಿ. ಸ್ಪರ್ಧೆಯ ಪದಮಿತಿ ನೋಡಿಕೊಂಡು ಒಂದೇ ಸಂಜೆಯ ಘಟನೆ ಹಿಡಿಯಿರಿ, 34 ಅಧ್ಯಾಯದ ಹರವನ್ನು ಅದರಲ್ಲಿ ತುರುಕಬೇಡಿ. ಮುಗಿದ ಮೇಲೆ ಆ ಧಾರಾವಾಹಿ ನೋಡದ ಇಬ್ಬರಿಗೆ ಕೊಟ್ಟು, ‘ಇವಳು ಯಾರು?’, ‘ಯಾಕೆ ಅಳ್ತಾಳೆ?’ ಅನ್ನಿಸಿದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಲು ಹೇಳಿ. ಗೆರೆ ಬಿದ್ದ ಜಾಗಗಳನ್ನಷ್ಟೇ ತಿದ್ದಿ. ಫಲಿತಾಂಶ ಬರುವವರೆಗೆ ಆ ಕಥೆಯನ್ನು ಸ್ಟೇಟಸ್ಸಿನಲ್ಲೂ ಹಾಕಬೇಡಿ. ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ನಾದಿನಿಯ 35ನೆಯ ಅಧ್ಯಾಯ ಹಾಕಿ, ಅವಳಿಗಾಗಿ ಕಾಯುತ್ತಿರುವವರು ಇದ್ದಾರೆ.