ಹಳೇ ಕಾರಿನ ಡಿಸ್ಟ್ರಿಬ್ಯೂಟರ್ ಯಾವುದು ಅಂತ ಗುರುತಿಸೋದು ಹೇಗೆ? ಎಲೆಕ್ಟ್ರಾನಿಕ್ ಹಾಕಿಸಬೇಕಾ?

ನಿಮ್ಮದು 60ರ ದಶಕದ ಬ್ರಿಟಿಷ್ ಕಾರು, ನಾಲ್ಕು ಸಿಲಿಂಡರ್. ಡಿಸ್ಟ್ರಿಬ್ಯೂಟರ್ ಮೇಲೆ ಲ್ಯೂಕಸ್ ಅಂತ ತಯಾರಕರ ಹೆಸರಿದೆ, ಉಳಿದದ್ದು ಓದೋಕೆ ಆಗುತ್ತಿಲ್ಲ. ಎಕ್ಸಲರೇಟರ್ ತುಳಿದ ತಕ್ಷಣ ಎಂಜಿನ್ ತಡವರಿಸುತ್ತದೆ. ಎಲೆಕ್ಟ್ರಾನಿಕ್ ಹಾಕಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ಹೋಗಬಹುದು, ಹೋಗದೆಯೂ ಇರಬಹುದು. ಡಿಸ್ಟ್ರಿಬ್ಯೂಟರ್‌ಗೆ ಎರಡು ಕೆಲಸ. ಒಂದು, ಕಾಯಿಲ್‌ನ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ) ಕರೆಂಟನ್ನು ಕಡಿದು ಕಿಡಿ ಹುಟ್ಟಿಸೋದು. ಇನ್ನೊಂದು, ಎಂಜಿನ್ ವೇಗ ಮತ್ತು ಲೋಡ್ ನೋಡಿಕೊಂಡು ಆ ಕಿಡಿಯನ್ನು ಎಷ್ಟು ಮುಂಚೆ ಕೊಡಬೇಕು ಅಂತ ತೀರ್ಮಾನಿಸೋದು. ಪಾಯಿಂಟ್, ಅಂದರೆ ಆ ಕರೆಂಟನ್ನು ಕಡಿಯುವ ಸಣ್ಣ ಸ್ವಿಚ್, ಇದರ ಜಾಗದಲ್ಲಿ ಕೂರಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಎರಡನೆಯದು ಹಳೇ ಭಾಗಗಳ ಕೈಯಲ್ಲೇ ಉಳಿಯುತ್ತದೆ: ವೇಗಕ್ಕೆ ಸ್ಪ್ರಿಂಗು, ತೂಕದ ತುಂಡುಗಳು; ಲೋಡ್‌ಗೆ ಎಂಜಿನ್ನಿನ ಗಾಳಿ ಎಳೆತದಿಂದ ಕೆಲಸ ಮಾಡುವ ವ್ಯಾಕ್ಯೂಮ್ ಡಬ್ಬಿ.

ಅದಕ್ಕೇ ಮೊದಲು ಗುರುತು ಹಿಡಿಯಿರಿ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಡಿಸ್ಟ್ರಿಬ್ಯೂಟರ್ ಬಾಡಿ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿ. ಒತ್ತಿದ ಅಕ್ಷರಗಳು ಬೆಳ್ಳಗೆ ಕಾಣುತ್ತವೆ. 25ಡಿ4 ಅಂತಿದ್ದರೆ ಅದು ಮಾಡೆಲ್, ಕೊನೆಯ 4 ಸಿಲಿಂಡರ್ ಸಂಖ್ಯೆ. ಜೊತೆಗಿರುವ ಐದಂಕಿಯ ನಂಬರ್ ಪಾರ್ಟ್ ನಂಬರ್. ಉದಾಹರಣೆಗೆ, ಮೊದಮೊದಲ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಕಾರುಗಳಲ್ಲಿ 40897 ಇರುತ್ತದೆ. ಪಕ್ಕದ ಸಣ್ಣ ಅಂಕಿಗಳು ತಯಾರಾದ ವಾರ ಮತ್ತು ವರ್ಷ: 23 66 ಅಂದರೆ 1966ರ 23ನೇ ವಾರ. ಅಕ್ಷರ ಪೂರ್ತಿ ಸವೆದಿದ್ದರೆ ವ್ಯಾಕ್ಯೂಮ್ ಡಬ್ಬಿಯ ಹತ್ತಿರ ನೋಡಿ. ಟೈಮಿಂಗನ್ನು (ಕಿಡಿ ಬರುವ ಸಮಯ) ಸ್ವಲ್ಪಸ್ವಲ್ಪ ಸರಿಸುವ ಗೆರೆಗೆರೆಯ ಸಣ್ಣ ನಟ್ 25ಡಿ4ರಲ್ಲಿ ಇರುತ್ತದೆ, ಆಮೇಲೆ ಬಂದ 45ಡಿ4ರಲ್ಲಿ ಇರಲ್ಲ.

ನಂಬರ್ ಸಿಕ್ಕಿತು ಅಂತ ಅಷ್ಟಕ್ಕೇ ನಿಲ್ಲಬೇಡಿ. ಇಷ್ಟು ವರ್ಷಗಳಲ್ಲಿ ಯಾರ್ಯಾರೋ ಬಿಚ್ಚಿ, ಬೇರೆ ಕಾರಿನ ಭಾಗ ಸೇರಿಸಿರುತ್ತಾರೆ. ವ್ಯಾಕ್ಯೂಮ್ ಡಬ್ಬಿಯ ಮೇಲೆ 5-13-10 ಥರ ಮೂರು ಅಂಕಿ ಇರುತ್ತವೆ: 5 ಇಂಚು ಪಾದರಸದಷ್ಟು ಎಳೆತಕ್ಕೆ ಶುರು, 13ಕ್ಕೆ ಮುಗಿತಾಯ, ಕಿಡಿಯನ್ನು ಹೆಚ್ಚೆಂದರೆ 10 ಡಿಗ್ರಿ ಮುಂದಕ್ಕೆ ತರುತ್ತದೆ. ಪಾಯಿಂಟ್ ಪ್ಲೇಟ್ ಬಿಚ್ಚಿದರೆ ಕೆಳಗೆ ಇನ್ನೊಂದು ಡಿಗ್ರಿ ಅಂಕಿ ಸಿಗುತ್ತದೆ, ಅದು ತೂಕದ ತುಂಡುಗಳು ಹೆಚ್ಚೆಂದರೆ ಎಷ್ಟು ಮುಂದಕ್ಕೆ ತರುತ್ತವೆ ಅನ್ನೋದು. ಎರಡೂ ಡಿಸ್ಟ್ರಿಬ್ಯೂಟರ್ ಡಿಗ್ರಿ. ಡಿಸ್ಟ್ರಿಬ್ಯೂಟರ್ ಕ್ರ್ಯಾಂಕ್‌ನ (ಎಂಜಿನ್ನಿನ ಮುಖ್ಯ ಶಾಫ್ಟ್) ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕ್ ಲೆಕ್ಕಕ್ಕೆ ದುಪ್ಪಟ್ಟು ಮಾಡಿಕೊಳ್ಳಿ. ಇವನ್ನು ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ ಜೊತೆ ತಾಳೆ ನೋಡಿ.

ಇನ್ನು ತಡವರಿಕೆ. ಕ್ಯಾಪ್ ತೆಗೆದು ವ್ಯಾಕ್ಯೂಮ್ ಪೈಪನ್ನು ಬಾಯಲ್ಲಿ ಎಳೆಯಿರಿ. ಪ್ಲೇಟ್ ತಿರುಗಬೇಕು, ನಾಲಿಗೆ ಅಡ್ಡ ಇಟ್ಟರೆ ಹಾಗೇ ನಿಲ್ಲಬೇಕು. ವಾಪಸ್ ಬಂದರೆ ಒಳಗಿನ ಪೊರೆ ಹರಿದಿದೆ. ಪ್ಲೇಟ್ ತಿರುಗುವಾಗಲೇ ಅದಕ್ಕೆ ಜೋಡಿಸಿದ ಸಣ್ಣ ಅರ್ಥ್ ವೈರ್ ನೋಡಿ. ಮೇಲಿನ ಬಟ್ಟೆ ಹೊದಿಕೆ ಚೆನ್ನಾಗೇ ಕಾಣುತ್ತದೆ, ಒಳಗೆ ಎಳೆಗಳು ತುಂಡಾಗಿರುತ್ತವೆ. ಪ್ಲೇಟ್ ಅಲುಗಿದಾಗ ಮಾತ್ರ ಸಂಪರ್ಕ ತಪ್ಪುತ್ತದೆ. ಐಡ್ಲಿಂಗ್ ಸರಿ, ತುಳಿದರೆ ತಡವರಿಕೆ. ನಿಮ್ಮ ಲಕ್ಷಣ ಕೇಳಿದರೆ ನನಗೆ ಮೊದಲ ಅನುಮಾನ ಇದರ ಮೇಲೇ.

ಆಮೇಲೆ ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಅಡ್ಡಡ್ಡ ಅಲುಗಾಡಿಸಿ. ಕೈಗೆ ಆಟ ತಿಳಿದರೆ ಬುಷ್ (ಶಾಫ್ಟ್ ಕೂರುವ ಲೋಹದ ಕೊಳವೆ) ಸವೆದಿದೆ. 25ಡಿ4ರಲ್ಲಿ ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಅಷ್ಟು ಸಣ್ಣ ಅಂತರದಲ್ಲಿ ಶಾಫ್ಟ್ ಓಲಾಡಿದರೆ ಒಂದೊಂದು ಸಿಲಿಂಡರ್‌ಗೆ ಒಂದೊಂದು ಟೈಮಿಂಗ್ ಆಗುತ್ತೆ, ಅಲ್ವಾ? ಹೊಸ ಬುಷ್ ಹಾಕಿಸಿ, ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರನ್ನೇ ಬದಲಿಸಿ.

ಇದೆಲ್ಲ ಸರಿ ಇದ್ದರೆ ಧಾರಾಳವಾಗಿ ಮಾಡ್ಯೂಲ್ ಹಾಕಿ, ಪಾಯಿಂಟ್ ಉಜ್ಜುವ ತಾಪತ್ರಯ ತಪ್ಪುತ್ತದೆ. ಕೊಳ್ಳುವ ಮುಂಚೆ ಬ್ಯಾಟರಿಯ ಯಾವ ತುದಿಯನ್ನು ಕಾರಿನ ಬಾಡಿಗೆ ಜೋಡಿಸಿದೆ ನೋಡಿ. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್. ಉಲ್ಟಾ ಮಾಡ್ಯೂಲ್ ಕೊಟ್ಟರೆ ಸುಟ್ಟುಹೋಗುತ್ತದೆ. ಕಾಯಿಲ್‌ನ ಓಮ್ ಕೂಡ ಅಳೆಯಿರಿ. ಸಾದಾ 12 ವೋಲ್ಟ್ ಕಾಯಿಲ್ ಸುಮಾರು 3 ಓಮ್, ಬ್ಯಾಲಸ್ಟ್ (ಕರೆಂಟನ್ನು ಮಿತಿಗೊಳಿಸುವ ರೆಸಿಸ್ಟರ್) ಜೊತೆ ಬಳಸುವುದು ಸುಮಾರು 1.5. ಮಾಡ್ಯೂಲ್‌ಗೆ ಯಾವುದು ಬೇಕು ಅಂತ ಅದರ ಚೀಟಿಯಲ್ಲೇ ಇರುತ್ತದೆ.

ಡಿಸ್ಟ್ರಿಬ್ಯೂಟರ್ ಹೊರತೆಗೆಯುವ ಮುಂಚೆ ರೋಟರ್ (ಕ್ಯಾಪ್ ಕೆಳಗೆ ತಿರುಗುವ ತೋಳು) ಯಾವ ಕಡೆಗಿದೆ ಅಂತ ಫೋಟೋ ತೆಗೆದಿಡಿ. ಜೋಡಿಸಿದ ಮೇಲೆ ವ್ಯಾಕ್ಯೂಮ್ ಪೈಪ್ ಕಳಚಿ, ಅದರ ಬಾಯಿ ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು ರೇಸ್ ಮಾಡಿ. ಕ್ರ್ಯಾಂಕ್ ಪುಲ್ಲಿಯ ಮೇಲಿನ ಟೈಮಿಂಗ್ ಗುರುತು ಜಿಗಿಯದೆ ಒಂದೇ ಸಮನೆ ಮುಂದೆ ಸರಿಯಬೇಕು. ಜಿಗಿದರೆ ಸ್ಪ್ರಿಂಗ್ ಅಥವಾ ತೂಕದ ತುಂಡು ಸಿಕ್ಕಿಕೊಳ್ಳುತ್ತಿದೆ, ಮತ್ತೆ ಬಿಚ್ಚಿ ನೋಡಬೇಕು.