ಮಗುವಿನ ತಲೆ ಮೇಲಿದೆ, ಈಗಲೇ ತಿರುಗಿಸಬಾರದೇಕೆ?

ಪ್ರಶ್ನೆ: ಚೊಚ್ಚಲ ಬಸುರಿಯಾದ ನನಗೆ ಈಗ 33 ವಾರ. ಮಗುವಿನ ತಲೆ ಮೇಲೆ, ಕುಂಡೆ ಕೆಳಗೆ ಇದೆಯೆಂದು ಸ್ಕ್ಯಾನಿಂಗ್‌ನಲ್ಲಿ ತಿಳಿಯಿತು. ಹೊಟ್ಟೆಯ ಮೇಲಿನಿಂದ ಕೈಯಲ್ಲಿ ಒತ್ತಿ ತಿರುಗಿಸಬಹುದು, ಆದರೆ ಇನ್ನೂ ಮೂರು ವಾರ ಕಾಯೋಣ ಎಂದು ವೈದ್ಯರು ಹೇಳುತ್ತಾರೆ. ಮಗು ಚಿಕ್ಕದಿರುವಾಗಲೇ ತಿರುಗಿಸುವುದು ಸುಲಭವಲ್ಲವೆ? ಇದರಿಂದ ದಿನ ತುಂಬುವ ಮೊದಲೇ ಹೆರಿಗೆಯಾದೀತೆ?

ಉತ್ತರ: ನಿಮ್ಮ ತರ್ಕ ಸರಿಯಾಗಿಯೇ ಇದೆ. ಮಗು ಚಿಕ್ಕದಾಗಿದ್ದು ಸುತ್ತಲಿನ ನೀರು ಹೆಚ್ಚಿರುವಾಗ ತಿರುಗಿಸುವುದು ನಿಜಕ್ಕೂ ಸುಲಭ. 2011ರಲ್ಲಿ ಪ್ರಕಟವಾದ, ಸಾವಿರದೈನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡ ಅಧ್ಯಯನವೊಂದು 34–35ನೇ ವಾರದಲ್ಲಿ ತಿರುಗಿಸುವುದನ್ನು 37ನೇ ವಾರದ ನಂತರ ತಿರುಗಿಸುವುದರೊಂದಿಗೆ ಹೋಲಿಸಿತು. ಬೇಗ ಪ್ರಯತ್ನಿಸಿದವರಲ್ಲಿ ಹೆರಿಗೆಯ ಹೊತ್ತಿಗೆ ತಲೆ ಕೆಳಗೆ ಬಾರದೆ ಉಳಿದದ್ದು ಶೇ. 41ರಷ್ಟು ಮಂದಿಗೆ, ತಡವಾಗಿ ಪ್ರಯತ್ನಿಸಿದವರಲ್ಲಿ ಶೇ. 49ರಷ್ಟು ಮಂದಿಗೆ. ಆದರೆ ಸಿಸೇರಿಯನ್ ಪ್ರಮಾಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ; ಅವಧಿಪೂರ್ವ ಹೆರಿಗೆಯೋ ತಡವಾಗಿ ಪ್ರಯತ್ನಿಸಿದವರಲ್ಲಿ ಶೇ. 4.4ರಷ್ಟಿದ್ದರೆ, ಬೇಗ ಪ್ರಯತ್ನಿಸಿದವರಲ್ಲಿ ಶೇ. 6.5ರಷ್ಟಿತ್ತು. ಈ ಕೊನೆಯ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು, ನಿಜ. ಆದರೂ ಸಿಸೇರಿಯನ್ ತಪ್ಪುವ ಖಾತರಿಯೇ ಇಲ್ಲದಿರುವಾಗ ಅದನ್ನು ಕಡೆಗಣಿಸಲು ನನಗೆ ಮನಸ್ಸಾಗುವುದಿಲ್ಲ. ತಿರುಗಿಸುವಾಗ ಮಗುವಿನ ಹೃದಯಬಡಿತ ಕುಸಿದು ಹಾಗೆಯೇ ಉಳಿದರೆ, ಅಥವಾ ರಕ್ತಸ್ರಾವವಾದರೆ, ಕೂಡಲೇ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಇದು ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಒದಗುವ ಸಂದರ್ಭ. 37 ವಾರದ ಮಗು ಇದನ್ನು ತಾಳಿಕೊಳ್ಳುವಂತೆ 33 ವಾರದ ಮಗು ತಾಳಿಕೊಳ್ಳಲಾರದು, ಅದರ ಶ್ವಾಸಕೋಶ ಇನ್ನೂ ಪಕ್ವವಾಗಿರುವುದಿಲ್ಲ.

ಕಾಯುವುದರಲ್ಲಿ ಇನ್ನೊಂದು ಲಾಭವೂ ಇದೆ. 28ನೇ ವಾರದಲ್ಲಿ ಐದರಲ್ಲೊಂದು ಮಗುವಾದರೂ ಹೀಗೆ ಕುಳಿತಿರುತ್ತದೆ, ದಿನ ತುಂಬುವಾಗ ನೂರಕ್ಕೆ ಮೂರು ನಾಲ್ಕು ಮಾತ್ರ. ಉಳಿದವು ಯಾರ ಕೈಯೂ ಸೋಕದೆ ತಾವೇ ತಿರುಗಿಕೊಂಡಿರುತ್ತವೆ. ನಿಮ್ಮ ಮಗು ತಿರುಗದಿದ್ದರೆ, ಚೊಚ್ಚಲ ಬಸಿರಾದ್ದರಿಂದ 36ನೇ ವಾರದಲ್ಲಿ ಗರ್ಭಕೋಶ ಸಡಿಲಿಸುವ ಚುಚ್ಚುಮದ್ದು ಕೊಟ್ಟು ಪ್ರಯತ್ನಿಸಬಹುದು. ಚೊಚ್ಚಲಿನಲ್ಲಿ ಅದು ಫಲಿಸುವ ಸಾಧ್ಯತೆ ಅರ್ಧಕ್ಕಿಂತ ತುಸು ಕಡಿಮೆ. ಮಾಸು ಗರ್ಭದ್ವಾರವನ್ನು ಮುಚ್ಚಿದ್ದರೆ ಅಥವಾ ಇತ್ತೀಚೆಗೆ ರಕ್ತಸ್ರಾವವಾಗಿದ್ದರೆ ಈ ಪ್ರಯತ್ನ ಸಲ್ಲದು. ನಿಮ್ಮ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದರೆ ಮೊದಲೇ ತಿಳಿಸಿ, ಮಗುವಿನ ರಕ್ತದ ವಿರುದ್ಧ ನಿಮ್ಮ ದೇಹ ಪ್ರತಿಕಾಯ ಬೆಳೆಸದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ. ಮನೆಯಲ್ಲಿ ಯಾರಿಂದಲೂ ಹೊಟ್ಟೆ ತಿಕ್ಕಿಸಿಕೊಂಡು ತಿರುಗಿಸಲು ಹೋಗಬೇಡಿ. ಅಷ್ಟರೊಳಗೆ ನೀರು ಒಡೆದರೆ, ನೋವು ಬರಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ: ಮಗು ಹೀಗೆ ಕುಳಿತಿರುವಾಗ ಹೊಕ್ಕುಳಬಳ್ಳಿ ಮೊದಲು ಜಾರಿ ಹೊರಬರುವ ಭಯ ಹೆಚ್ಚು.