ಹಿಮದ ರಸ್ತೆಗೇ ಯಾಕೆ ಬರುತ್ತವೆ ಹಕ್ಕಿಗಳು?

ಪ್ರಶ್ನೆ: ಹಿಮ ಬಿದ್ದ ದಾರಿಯಲ್ಲಿ ಕಾರು ಹತ್ತಿರ ಬಂದಾಗಲೆಲ್ಲ ಪುಟ್ಟ ಹಕ್ಕಿಗಳ ಹಿಂಡು ರಸ್ತೆಯಂಚಿನಿಂದ ಏಳುತ್ತಿತ್ತು. ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆ. ಅಷ್ಟು ಬಯಲಿದ್ದೂ ರಸ್ತೆಗೇ ಯಾಕೆ?

ಉತ್ತರ: ಹೊಟ್ಟೆಪಾಡು, ಇನ್ನೇನು! ನೀವು ಕಂಡದ್ದು ಸ್ನೋ ಬಂಟಿಂಗ್ ಇರಬೇಕು. ಬಯಲೆಲ್ಲ ಮುಚ್ಚಿಹೋಗಿರುತ್ತದೆ. ಹಿಮ ತಳ್ಳುವ ಗಾಡಿ ಹೋದ ಮೇಲೆ ರಸ್ತೆಯಂಚಲ್ಲಿ ಹುಲ್ಲಿನ ಬೀಜ ಸಿಗುತ್ತದೆ, ಜೊತೆಗೆ ಮರಳಿನ ಕಣ. ಹಕ್ಕಿಗಳಿಗೆ ಹಲ್ಲಿಲ್ಲ ಅಲ್ವಾ? ನುಂಗಿದ ಮರಳೇ ಒಳಗೆ ಕಾಳು ಅರೆಯಲು ನೆರವಾಗುತ್ತದೆ.

ಕಂಬಗಳ ತುದಿಯನ್ನೂ ನೋಡುತ್ತಿರಿ. ನಾನೊಮ್ಮೆ ಹಿಮದ ಮುದ್ದೆ ಅಂದುಕೊಂಡದ್ದು ಮೆಲ್ಲಗೆ ತಲೆ ತಿರುಗಿಸಿ, ಹಳದಿ ಕಣ್ಣು ಅರ್ಧ ತೆರೆಯಿತು. ಹಿಮಗೂಬೆ! ಗಡಿಬಿಡಿಯಲ್ಲಿ ಬಾಗಿಲು ತೆಗೆದೆ, ಹಾರಿಯೇ ಹೋಯಿತು. ಸುಮ್ನೆ ಕಾರಲ್ಲೇ ಕೂತಿದ್ದರೆ ಇರುತ್ತಿತ್ತೇನೋ. ಕಾರಿನಷ್ಟು ಒಳ್ಳೆಯ ಮರೆ ಇನ್ನೊಂದಿಲ್ಲ.